ಸುಟ್ಟ ಗೆಡ್ಡೆಗೆಣಸಿನ ಸೂಪು

ಮಳೆಗಾಲದಲ್ಲಿ ಕೊಡಗಿಗೆ ಬರುವವರಿಗೆ ಸಂಜೆಯ ಹೊತ್ತು ಬಿಸಿ ಸೂಪು ಕೊಡುವುದು ನಮ್ಮ ಕಡೆಯ ಹೋಂಸ್ಟೇ, ಹೋಟೆಲುಗಳಲ್ಲಿ ಈಗ ವಾಡಿಕೆಯಾಗಿದೆ. ಬಟ್ಟಲಿನಲ್ಲಿ ಬರುವುದು ಬಹುಮಟ್ಟಿಗೆ ಒಂದೇ ಬಗೆಯದು: ತರಕಾರಿ ಬೇಯಿಸಿದ ನೀರಿಗೆ ಕಾರ್ನ್‌ಫ್ಲೋರ್ ಕದಡಿ ಮಂದ ಮಾಡಿ, ಪೊಟ್ಟಣದ ಕ್ರೀಮನ್ನು ಮೇಲೆ ಸುರುಳಿ ಸುತ್ತಿ, ಕರಿಮೆಣಸಿನ ಪುಡಿ ಉದುರಿಸಿದ್ದು. ಜಡಿಮಳೆಯಲ್ಲಿ ನೆನೆದು ಬಂದವರಿಗೆ ಅದೂ ಹಿತವೇ, ಇಲ್ಲವೆನ್ನಲಾರೆ. ಆದರೆ ಆ ಸೂಪಿನ ಮಂದತನ ಒಂದು ಕಡೆಯಿಂದ ಬಂದಿರುತ್ತದೆ, ರುಚಿ ಇನ್ನೊಂದು ಕಡೆಯಿಂದ. ಎರಡಕ್ಕೂ ಪರಸ್ಪರ ಪರಿಚಯವೇ ಇರುವುದಿಲ್ಲ. ಗೆಡ್ಡೆಗೆಣಸುಗಳ ಸೂಪನ್ನು ನಾನು ಮೆಚ್ಚುವುದಕ್ಕೆ ಕಾರಣವೇ ಇದು: ಅಲ್ಲಿ ಮಂದತನವನ್ನೂ ರುಚಿಯನ್ನೂ ಒಂದೇ ಗೆಡ್ಡೆ, ಒಂದೇ ಬೆಂಕಿಯಲ್ಲಿ, ಒಟ್ಟಿಗೇ ಕೊಡುತ್ತದೆ. ಗೆಡ್ಡೆಯನ್ನು ನೀರಿಗೆ ಹಾಕುವ ಮೊದಲು ಚೆನ್ನಾಗಿ ಸುಟ್ಟುಕೊಂಡರೆ ಹಾಲು, ಕೆನೆಗಳ ಹಂಗು ಮುಕ್ಕಾಲು ಪಾಲು ತಪ್ಪುತ್ತದೆ.

ಸೂಪೆಂಬುದು ಕೊಡಗಿಗೆ ಹೊಸತೇನಲ್ಲ. 1834ರಲ್ಲಿ ಬ್ರಿಟಿಷರು ಕೊಡಗನ್ನು ತಮ್ಮ ಆಳ್ವಿಕೆಗೆ ಸೇರಿಸಿಕೊಂಡರು. 1854ರಲ್ಲಿ ಫೌಲರ್ ಎಂಬ ಪ್ಲಾಂಟರ್ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ ಮೇಲೆ ಒಂದೊಂದಾಗಿ ತೋಟಗಳೂ ಬಂಗಲೆಗಳೂ ಎದ್ದವು, ಬಂಗಲೆಯ ರಾತ್ರಿಯೂಟ ಸೂಪಿನಿಂದಲೇ ಆರಂಭವಾಗುತ್ತಿತ್ತು. ಅದರ ಜೊತೆಗೆ ಸೈನ್ಯವೂ ಇದೆ. ಜನರಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರಂಥವರನ್ನು ಕೊಟ್ಟ ಈ ಜಿಲ್ಲೆಯಲ್ಲಿ, ಮೆಸ್ಸಿನ ಊಟಕ್ಕೆ ಒಗ್ಗಿ ನಿವೃತ್ತರಾಗಿ ಮನೆಗೆ ಬಂದವರು ಊರಿಗೊಬ್ಬರಾದರೂ ಸಿಗುತ್ತಾರೆ. ಹಾಗಾಗಿ ಹಂದಿಮಾಂಸದ ಪಂದಿ ಕರಿ ಕುದಿಯುವ ಅಡುಗೆಮನೆಯಲ್ಲಿಯೇ ಒಂದು ಮೂಲೆಗೆ ಸೂಪಿನ ಪಾತ್ರೆಯೂ ಇರುವುದು ಇಲ್ಲಿ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಆದರೆ ಬಂಗಲೆಗಿಂತಲೂ ಪಲ್ಟನ್ನಿಗಿಂತಲೂ ಹಳೆಯ ಒಂದು ವಿದ್ಯೆ ನಮ್ಮ ಮನೆಗಳಲ್ಲಿತ್ತು. ಅದು ಬಚ್ಚಲ ಒಲೆಯ ಕೆಂಡದಲ್ಲಿ ಗೆಣಸು ಸುಡುವುದು. ಸೂಪಿಗೆ ನಾನು ಬಳಸಿಕೊಂಡಿರುವುದು ಆ ವಿದ್ಯೆಯನ್ನೇ.

ಹಂಡೆಯ ಒಲೆಯನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಗೀಸರಿನ ಕಾಲದವರಿಗಾಗಿ ಹೇಳುತ್ತೇನೆ. ಸ್ನಾನದ ನೀರು ಕಾದು, ಉರಿ ಇಳಿದು, ಕೆಂಡದ ಮೇಲೆ ಬೂದಿ ತೆಳ್ಳಗೆ ಹರಡಿಕೊಳ್ಳುವ ಹೊತ್ತಿಗೆ ಬೂದಿಯನ್ನು ಕೋಲಿನಿಂದ ಬದಿಗೆ ಸರಿಸಿ, ಮಣ್ಣು ಒರೆಸಿದ ಇಡೀ ಗೆಣಸನ್ನು ಸಿಪ್ಪೆಸಹಿತ ಅಲ್ಲಿ ಮಲಗಿಸಿ, ಮತ್ತೆ ಬಿಸಿ ಬೂದಿ ಮುಚ್ಚಬೇಕು. ಮೊದಲ ಕಾಲು ಗಂಟೆ ಏನೂ ಆಗುವುದಿಲ್ಲ. ಆಮೇಲೆ ಸಿಪ್ಪೆಯ ಮೇಲೆ ಅಲ್ಲಲ್ಲಿ ಸಣ್ಣ ಬೊಕ್ಕೆಗಳೇಳುತ್ತವೆ. ಗೆಣಸಿನ ತುದಿಯಲ್ಲಿ, ಬೇರಿನಿಂದ ಕಿತ್ತ ಜಾಗದಲ್ಲಿ, ಒಂದು ಹನಿ ರಸ ಹೊರಬಂದು ಗುಳ್ಳೆ ಕಟ್ಟಿ, ಕಂದಾಗಿ, ಕೊನೆಗೆ ಕಪ್ಪು ಮಣಿಯಾಗಿ ಗಟ್ಟಿಯಾಗುತ್ತದೆ. ಆ ಕಪ್ಪು ಹನಿ ಕಂಡರೆ ಗೆಣಸು ಒಳಗೆ ಬೆಂದಿದೆ ಎಂದರ್ಥ. ಕಡ್ಡಿ ಚುಚ್ಚಿ ನೋಡುವುದು ಅನುಮಾನದವರ ಕೆಲಸ. ಕಾಫಿ ಗಿಡದ ಹಳೆಯ ಬೊಡ್ಡೆಯ ಕೆಂಡ ಇದಕ್ಕೆ ಚೆನ್ನ. ಅದು ಗಟ್ಟಿ ಮರ, ಕೆಂಡ ಬೇಗ ಬೂದಿಯಾಗುವುದಿಲ್ಲ. ಸಿಲ್ವರ್ ಓಕಿನ ಕೊಂಬೆಗಳು ಭರ್ರನೆ ಉರಿದು ಬರಿಗೈ ಮಾಡುತ್ತವೆ.

ಸುಡುವುದರಿಂದ ಆಗುವುದೇನು ಎಂಬುದಕ್ಕೆ ಮೊದಲ ಉತ್ತರ ನೀರು. ಕ್ಯಾರೆಟ್ಟಿನ ತೂಕದಲ್ಲಿ ನೂರಕ್ಕೆ ಸುಮಾರು 88 ಭಾಗ ನೀರೇ. ಬೀಟ್‌ರೂಟೂ ಹೆಚ್ಚು ಕಡಿಮೆ ಅಷ್ಟೇ. ಗೆಣಸಿನಲ್ಲಿ ಸುಮಾರು 77, ಆಲೂಗಡ್ಡೆಯಲ್ಲಿ ಸುಮಾರು 79. ಇಂಥ ತರಕಾರಿಯನ್ನು ನೀರಿನಲ್ಲಿ ಬೇಯಿಸಿ ರುಬ್ಬಿದರೆ ನೀರಿಗೆ ನೀರು ಸೇರಿದಂತಾಗುತ್ತದೆ, ಆಮೇಲೆ ಅದನ್ನು ಗಟ್ಟಿಗೊಳಿಸಲು ಹಿಟ್ಟು ಹುಡುಕಬೇಕಾಗುತ್ತದೆ. ಸುಟ್ಟಾಗ ಈ ನೀರು ಆವಿಯಾಗಿ ಹೊರಟುಹೋಗಿ ಉಳಿದ ಸಕ್ಕರೆ, ಪಿಷ್ಟ, ನಾರುಗಳು ಒತ್ತಾಗುತ್ತವೆ. ಎರಡನೆಯದು ಬಿಸಿಯ ಮಟ್ಟ. ನೀರಿರುವ ತನಕ ಯಾವ ತರಕಾರಿಯೂ ನೀರಿನ ಕುದಿಬಿಂದುವನ್ನು ದಾಟಿ ಬಿಸಿಯಾಗದು. ಅದರಲ್ಲೂ ನಮ್ಮ ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲಿದೆ. ಇಲ್ಲಿ ನೀರು 100ಕ್ಕಲ್ಲ, ಸುಮಾರು 96 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಮಂಗಳೂರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಇಲ್ಲಿನ ಬೇಳೆ ಬೇಯುವುದೇ ಇಲ್ಲವೆಂದು ಬೇಸರಿಸುವುದರಲ್ಲಿ ಸತ್ಯವಿದೆ, ಬೇಳೆಯದೇನೂ ತಪ್ಪಿಲ್ಲ. ಒಣಬಿಸಿಗೆ ಈ ಅಡ್ಡಿಯಿಲ್ಲ. ಮೇಲ್ಮೈ ಒಣಗಿದ ಕೂಡಲೇ ಗೆಡ್ಡೆಯ ಹೊರಪದರ 140 ಡಿಗ್ರಿ ದಾಟುತ್ತದೆ, ಅಲ್ಲಿಂದಾಚೆಗೆ ಸಕ್ಕರೆಯೂ ಅಮೈನೋ ಆಮ್ಲಗಳೂ ಕೂಡಿ ಕಂದುಬಣ್ಣವನ್ನೂ ನೂರಾರು ಬಗೆಯ ಪರಿಮಳಗಳನ್ನೂ ಹುಟ್ಟಿಸುತ್ತವೆ. 1912ರಲ್ಲಿ ಲೂಯಿ ಕಮಿಲ್ ಮೈಯಾರ್ ಎಂಬ ಫ್ರೆಂಚ್ ವಿಜ್ಞಾನಿ ವಿವರಿಸಿದ ಕ್ರಿಯೆ ಇದೇ; ಕಾಫಿ ಬೀಜ ಹುರಿಯುವಾಗ ನಮ್ಮ ಊರಿನ ಗಾಳಿಗೆ ಬರುವ ವಾಸನೆಯ ಹಿಂದಿರುವುದೂ ಬಹುಪಾಲು ಇದೇ.

ಗೆಣಸಿನ ಸಿಹಿಗೆ ಮಾತ್ರ ಬೇರೊಂದು ಕಾರಣವಿದೆ. ಅದರೊಳಗೆ ಪಿಷ್ಟವನ್ನು ಒಡೆದು ಮಾಲ್ಟೋಸ್ ಎಂಬ ಸಕ್ಕರೆಯನ್ನಾಗಿಸುವ ಕಿಣ್ವವೊಂದಿದೆ, ಅದು ಚುರುಕಾಗಿ ದುಡಿಯುವುದು ಸುಮಾರು 60ರಿಂದ 75 ಡಿಗ್ರಿಗಳ ನಡುವೆ. ಇನ್ನೂ ಬಿಸಿಯಾದರೆ ಕಿಣ್ವ ನಾಶವಾಗುತ್ತದೆ. ಆದ್ದರಿಂದ ಗೆಣಸಿನ ಹೊಟ್ಟೆ ಈ ಮಟ್ಟವನ್ನು ಎಷ್ಟು ನಿಧಾನವಾಗಿ ದಾಟುತ್ತದೆಯೋ ಅಷ್ಟು ಸಿಹಿ. ಬೂದಿಯೊಳಗೆ ಇಡಿಯಾಗಿ ಮಲಗಿದ ಗೆಣಸಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಮೈಕ್ರೋವೇವ್‌ನಲ್ಲಿ ನಾಲ್ಕು ನಿಮಿಷಕ್ಕೆ ಬೆಂದದ್ದು ಸಪ್ಪೆಯಾಗಿರುವುದು ಇದೇ ಕಾರಣದಿಂದ. ಹಾಗಾಗಿ ಓವನ್‌ನಲ್ಲಿ ಮಾಡುವಾಗಲೂ ಗೆಣಸನ್ನು ನಾನು ಹೆಚ್ಚುವುದಿಲ್ಲ. ಇಡಿಯಾಗಿಯೇ, ಉಳಿದ ತರಕಾರಿಗಳಿಗಿಂತ ಅರ್ಧ ಗಂಟೆ ಮೊದಲು, ಓವನ್ ತಣ್ಣಗಿರುವಾಗಲೇ ಒಳಗಿಟ್ಟುಬಿಡುತ್ತೇನೆ.

ಗೆಡ್ಡೆಗಳನ್ನು ಆರಿಸುವ ಜಾಗ ಮಡಿಕೇರಿಯ ಶುಕ್ರವಾರದ ಸಂತೆ. ಕ್ಯಾರೆಟ್ ಬಹುಪಾಲು ಊಟಿಯ ಹೆಸರಿನಲ್ಲಿ ಬರುತ್ತದೆ, ಗೆಣಸು ಬಯಲಿನ ಕಡೆಯಿಂದ. ಕೆಸು, ಸುವರ್ಣಗೆಡ್ಡೆಗಳನ್ನು ಮಾತ್ರ ಹತ್ತಿರದ ಹಳ್ಳಿಯವರೇ ಗೋಣಿಯಲ್ಲಿ ತಂದು ನೆಲದ ಮೇಲೆ ಸುರಿದುಕೊಂಡು ಕೂತಿರುತ್ತಾರೆ. “ಅಕ್ಕಾ, ತೊಳೆದದ್ದು ಬೇಡ, ಈ ಮಣ್ಣಿನದ್ದೇ ತೆಗೊಳ್ಳಿ, ವಾರ ಇಟ್ಟರೂ ಎಂತ ಆಗುದಿಲ್ಲ” ಎಂದು ನನಗೆ ಕಲಿಸಿದ್ದು ಅಂಥ ಒಬ್ಬ ಹೆಂಗಸು. ಮಳೆಗಾಲದಲ್ಲಿ ಈ ಮಾತಿನ ಬೆಲೆ ಇಮ್ಮಡಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ, ತೊಳೆದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ ಕ್ಯಾರೆಟ್ ಎರಡೇ ದಿನಕ್ಕೆ ಲೋಳೆ ಬಿಡುತ್ತದೆ. ಹಾಗೆಂದು ಎಲ್ಲವನ್ನೂ ಫ್ರಿಜ್ಜಿಗೆ ತುರುಕುವುದೂ ಸಲ್ಲ. ಗೆಣಸು 12 ಡಿಗ್ರಿಗಿಂತ ತಣ್ಣನೆಯ ಜಾಗದಲ್ಲಿ ಕೆಲವು ದಿನ ಕೂತರೆ ಒಳತಿರುಳು ಎಷ್ಟು ಬೇಯಿಸಿದರೂ ಮೆತ್ತಗಾಗದಂತೆ ಗಟ್ಟಿಯಾಗುತ್ತದೆ. ಆಲೂಗಡ್ಡೆಯ ಪಿಷ್ಟ ಚಳಿಗೆ ಸಕ್ಕರೆಯಾಗಿ, ಸುಡುವಾಗ ಬೇಗನೆ ಕರಕಲಾಗುತ್ತದೆ. ಇವೆರಡಕ್ಕೂ ಅಡುಗೆಮನೆಯ ಅಟ್ಟದಲ್ಲಿ ಗಾಳಿಯಾಡುವ ಬುಟ್ಟಿಯೇ ಸೂಕ್ತ ಜಾಗ.

ನಮ್ಮ ನೆಲದ ಗೆಡ್ಡೆಗಳ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ಕೆಸುವಿನಲ್ಲಿಯೂ ಸುವರ್ಣಗೆಡ್ಡೆಯಲ್ಲಿಯೂ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಹೆಚ್ಚುವಾಗ ಕೈ ತುರಿಸುವುದಕ್ಕೂ, ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುವುದಕ್ಕೂ ಇವೇ ಮೂಲ. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಹೆಚ್ಚುವುದು ಎಲ್ಲರೂ ಬಲ್ಲ ಉಪಾಯ. ಆದರೆ ಅವುಗಳನ್ನು ನೇರವಾಗಿ ಒಣಬಿಸಿಗೆ ಒಡ್ಡುವುದನ್ನು ನಾನು ಒಪ್ಪುವುದಿಲ್ಲ. ಹುಣಸೆಹಣ್ಣು ಹಿಂಡಿದ ನೀರಿನಲ್ಲಿ ಮೊದಲು ಚೆನ್ನಾಗಿ ಬೇಯಿಸಿ, ಆ ನೀರನ್ನು ಚೆಲ್ಲಿ, ಬಟ್ಟೆಯ ಮೇಲೆ ಹರಡಿ ಪಸೆ ಆರಿಸಿ, ಆಮೇಲೆಯೇ ಬೆಂಕಿಗೆ. ಹುಳಿನೀರಿನಲ್ಲಿ ಗೆಡ್ಡೆ ಮೆತ್ತಗಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ ನಿಜ, ಆದರೆ ಗಂಟಲಿನ ದೃಷ್ಟಿಯಿಂದ ಆ ಹೊತ್ತು ದುಬಾರಿಯಲ್ಲ. ಸುವರ್ಣಗೆಡ್ಡೆ ಸೂಪಿಗೆ ಕೊಡುವ ನುಣುಪು ಬೇರೆ ಯಾವ ಗೆಡ್ಡೆಯಿಂದಲೂ ಬರುವುದಿಲ್ಲ, ಆದ್ದರಿಂದ ಈ ಶ್ರಮ ಸಾರ್ಥಕ. ಮರಗೆಣಸನ್ನು ನಾನು ಸೂಪಿನಿಂದ ದೂರವೇ ಇಟ್ಟಿದ್ದೇನೆ. ಅದನ್ನು ಸಿಪ್ಪೆ ತೆಗೆದು, ತೆರೆದ ಪಾತ್ರೆಯಲ್ಲಿ ಧಾರಾಳ ನೀರಿನಲ್ಲಿ ಬೇಯಿಸಿ, ನೀರು ಬಸಿದು ತಿನ್ನುವುದೇ ಕ್ಷೇಮ, ಮತ್ತು ಅದಕ್ಕೆ ಸರಿಯಾದ ಜೊತೆ ಮೀನಿನ ಸಾರು. ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ ಬರುವ ಪುತ್ತರಿ ಸುಗ್ಗಿಹಬ್ಬದ ಹೊತ್ತಿಗೆ ಅಗೆದು, ಬೇಯಿಸಿ, ಜೇನಿನೊಂದಿಗೋ ಬೆಲ್ಲದೊಂದಿಗೋ ತಿನ್ನುವ ಪುತ್ತರಿ ಗೆಣಸೂ ಇದೆ. ಹಬ್ಬದ ಗೆಣಸನ್ನು ಮಿಕ್ಸಿಗೆ ಹಾಕಲು ನಮ್ಮ ಅತ್ತೆ ಒಪ್ಪುವವರಲ್ಲ, ಕೇಳುವ ಧೈರ್ಯವೂ ನನಗಿಲ್ಲ.

ಇಷ್ಟೆಲ್ಲ ಗೆಡ್ಡೆ ಬೆಳೆಯುವ ಮಣ್ಣಿದ್ದೂ ಸಂತೆಗೆ ಏಕೆ ಹೋಗಬೇಕು ಎಂದು ಬೆಂಗಳೂರಿನ ಗೆಳತಿಯರು ಕೇಳುವುದುಂಟು. ಕಾಡುಹಂದಿಯನ್ನೂ ಮುಳ್ಳುಹಂದಿಯನ್ನೂ ಅವರು ಮರೆತಿರುತ್ತಾರೆ. ಕಾಡಂಚಿನ ತೋಟದಲ್ಲಿ ಗೆಣಸು ನೆಟ್ಟರೆ, ನಾವು ಅಗೆಯಬೇಕೆಂದು ಅಂದುಕೊಂಡ ವಾರದ ಮುಂಚಿನ ರಾತ್ರಿಯೇ ಅವು ಅಗೆದು ಮುಗಿಸಿರುತ್ತವೆ.

ಬೀಟ್‌ರೂಟಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅನೇಕರು ಅದನ್ನು ದೂರವಿಡುವುದು ಅದರ ಮಣ್ಣುವಾಸನೆಗೆ. ಆ ವಾಸನೆ ಜಿಯೋಸ್ಮಿನ್ ಎಂಬ ವಸ್ತುವಿನದು. ಮಣ್ಣಿನಲ್ಲಿರುವ ಸ್ಟ್ರೆಪ್ಟೋಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು ಇದೇ ವಸ್ತುವನ್ನು ತಯಾರಿಸುತ್ತವೆ, ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ಘಮದಲ್ಲಿ ಇದರ ಪಾಲು ದೊಡ್ಡದು. ಲಕ್ಷ ಕೋಟಿಯಲ್ಲಿ ಕೆಲವೇ ಅಂಶಗಳಷ್ಟಿದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಏಪ್ರಿಲ್ಲಿನ ಮಳೆಗೆ ಕಾಫಿ ಹೂ ಬಿಡುವುದನ್ನು ಕಾಯುವ ನಾವು, ಅಂಗಳದಲ್ಲಿ ನಿಂತು ಎದೆ ತುಂಬ ಎಳೆದುಕೊಳ್ಳುವ ವಾಸನೆಯನ್ನೇ ಊಟದ ತಟ್ಟೆಯಲ್ಲಿ ಕಂಡಾಗ ಮೂಗು ಮುರಿಯುವುದು ತಮಾಷೆಯ ಸಂಗತಿ. ಹುಳಿ ತಗುಲಿದರೆ ಜಿಯೋಸ್ಮಿನ್ ಒಡೆಯುತ್ತದೆ, ಆದ್ದರಿಂದ ಬೀಟ್‌ರೂಟಿನ ಸೂಪಿಗೆ ಹುಳಿ ಅಲಂಕಾರವಲ್ಲ, ಅಗತ್ಯ. ಇನ್ನೊಂದು ಮಾತು: ಅದರ ಕೆಂಪು ನೀರಿನಲ್ಲಿ ಕರಗುವ ಬಣ್ಣ, ಒಂದೇ ಒಂದು ಬೀಟ್‌ರೂಟ್ ಸೇರಿದರೂ ಇಡೀ ಸೂಪು ಅದರದೇ ಆಗುತ್ತದೆ. ಕ್ಯಾರೆಟ್, ಗೆಣಸುಗಳ ಹೊಂಬಣ್ಣ ಉಳಿಯಬೇಕಾದರೆ ಅದನ್ನು ಬೇರೆ ಪಾತ್ರೆಯಲ್ಲಿಯೇ ಮಾಡಬೇಕು.

ಈಗ ಮಾಡುವ ಕ್ರಮ. ನಾಲ್ಕು ಜನರಿಗೆ ಅರ್ಧ ಕಿಲೋ ಕ್ಯಾರೆಟ್, ಎರಡು ಮಧ್ಯಮ ಗಾತ್ರದ ಗೆಣಸು, ಅಂಗೈಯಷ್ಟು ಸುವರ್ಣಗೆಡ್ಡೆ, ಒಂದು ಹಿಡಿ ಸಾಂಬಾರ್ ಈರುಳ್ಳಿ, ಒಂದು ಇಡೀ ಬೆಳ್ಳುಳ್ಳಿ ಗೆಡ್ಡೆ ಸಾಕಾಗುತ್ತವೆ. ಓಟಿಜಿ, ಎಂದರೆ ಮನೆಬಳಕೆಯ ಸಣ್ಣ ವಿದ್ಯುತ್ ಓವನ್, ಇದ್ದವರು ಅದನ್ನು 200 ಡಿಗ್ರಿಗೆ ಇಟ್ಟುಕೊಳ್ಳಬೇಕು. ಕ್ಯಾರೆಟ್ಟನ್ನು ಹೆಬ್ಬೆರಳ ಗಾತ್ರಕ್ಕೆ ಹೆಚ್ಚಿ, ಈರುಳ್ಳಿಯನ್ನೂ ಮೊದಲೇ ಬೇಯಿಸಿ ಆರಿಸಿದ ಸುವರ್ಣಗೆಡ್ಡೆಯನ್ನೂ ಸೇರಿಸಿ, ಎರಡು ಚಮಚ ಎಣ್ಣೆ, ಸ್ವಲ್ಪ ಉಪ್ಪು ಹಾಕಿ ಕೈಯಿಂದಲೇ ಸವರಿ, ಟ್ರೇಯ ಮೇಲೆ ಒಂದಕ್ಕೊಂದು ತಾಗದ ಹಾಗೆ ಒಂದೇ ಪದರವಾಗಿ ಹರಡಬೇಕು. ಈ ಕೆಲಸದಲ್ಲಿ ಜಿಪುಣತನ ಮಾಡಿ ಒಂದೇ ಟ್ರೇಗೆ ಎಲ್ಲವನ್ನೂ ಒಟ್ಟಿದರೆ ತರಕಾರಿಗಳು ತಮ್ಮದೇ ಆವಿಯಲ್ಲಿ ಬೆಂದು, ಕಂದಾಗುವ ಬದಲು ಬೆವರುತ್ತ ಕೂರುತ್ತವೆ. ಜಾಗವಿಲ್ಲದಿದ್ದರೆ ಎರಡು ಸಲ ಮಾಡುವುದೇ ಲೇಸು. ಬೆಳ್ಳುಳ್ಳಿಯ ತಲೆಯನ್ನು ಸ್ವಲ್ಪ ಕತ್ತರಿಸಿ, ಎಣ್ಣೆ ಬಿಟ್ಟು, ಬಾಳೆಲೆಯಲ್ಲಿ ಬಿಗಿಯಾಗಿ ಸುತ್ತಿ ಮೂಲೆಗೆ ಇಡುತ್ತೇನೆ; ಅಲ್ಯೂಮಿನಿಯಂ ಹಾಳೆಯೂ ಆದೀತು, ಬಾಳೆಲೆಯ ಪರಿಮಳ ಬಾರದು. ಮುಕ್ಕಾಲು ಗಂಟೆಯ ಒಳಗೆ, ನಡುವೆ ಒಮ್ಮೆ ಮಗುಚಿದರೆ, ಅಂಚುಗಳು ಹೊಂಗಂದು ಬಣ್ಣಕ್ಕೆ ಬರುತ್ತವೆ. ಅಲ್ಲಿಗೆ ನಿಲ್ಲಿಸಬೇಕು. ಪಿಷ್ಟವಿರುವ ಪದಾರ್ಥಗಳನ್ನು ಜೋರು ಒಣಬಿಸಿಯಲ್ಲಿ ಕಪ್ಪಾಗಿಸಿದಷ್ಟೂ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹೆಚ್ಚುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ ಮೇಲೆ, ಕರಕಲನ್ನು ರುಚಿಯೆಂದು ಹೊಗಳುವ ಹುಮ್ಮಸ್ಸು ನನ್ನಲ್ಲಿ ಇಳಿದಿದೆ.

ಕಕ್ಕಡದ ತಿಂಗಳಿನಲ್ಲಿ, ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಈ ಓವನ್ ಪುರಾಣವೆಲ್ಲ ವ್ಯರ್ಥ. ಲೈನಿನ ಮೇಲೆ ಮರ ಬಿದ್ದು ವಿದ್ಯುತ್ತು ಹೋದರೆ ಬರುವ ದಿನವನ್ನು ಹೇಳುವವರಿಲ್ಲ. ಆಗ ದಪ್ಪ ತಳದ ಕಬ್ಬಿಣದ ಬಾಣಲೆ ಕೈಹಿಡಿಯುತ್ತದೆ. ಬಾಣಲೆ ಚೆನ್ನಾಗಿ ಕಾದ ಮೇಲೆ ಕ್ಯಾರೆಟ್ ಹಾಕಿ, ಉರಿ ತಗ್ಗಿಸಿ, ಕೆದಕದೆ ಬಿಡಬೇಕು. ಒಂದು ಮಗ್ಗುಲು ಕಂದಾದ ಮೇಲೆಯೇ ತಿರುವಬೇಕು. ಗೆಣಸೂ ಈರುಳ್ಳಿಯೂ ಹಂಡೆಯ ಕೆಂಡಕ್ಕೆ ಹೋಗುತ್ತವೆ. ನಿಜ ಹೇಳಬೇಕೆಂದರೆ ಈ ಅನಿವಾರ್ಯದ ಸೂಪೇ ಓವನ್ನಿನದಕ್ಕಿಂತ ರುಚಿ, ಹೊಗೆಯ ಎಳೆಯೊಂದು ಅದಕ್ಕೆ ಪುಕ್ಕಟೆಯಾಗಿ ಸೇರಿರುತ್ತದೆ.

ಸುಟ್ಟದ್ದನ್ನೆಲ್ಲ ಪಾತ್ರೆಗೆ ತೆಗೆದ ಮೇಲೆ ಟ್ರೇಯನ್ನೋ ಬಾಣಲೆಯನ್ನೋ ನೇರ ತೊಳೆಯಲು ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತಳಕ್ಕೆ ಅಂಟಿದ ಕಂದು ಪದರದಲ್ಲಿಯೇ ರುಚಿಯ ಸಾರವಿದೆ. ಅದಕ್ಕೆ ಒಂದು ಸೌಟು ಬಿಸಿನೀರು ಸುರಿದು, ಮರದ ಸಟ್ಟುಗದಿಂದ ಕೆರೆದು, ಆ ಬಣ್ಣದ ನೀರನ್ನು ಸೂಪಿಗೆ ಸೇರಿಸಬೇಕು. ಉಳಿದ ದ್ರವಕ್ಕಾಗಿ ನಾನು ಬಳಸುವುದು ಅನ್ನ ಬಸಿದ ಗಂಜಿತಿಳಿ. ಕುಕ್ಕರಿನ ಮನೆಗಳಲ್ಲಿ ಅದು ಸಿಗುವುದಿಲ್ಲ. ಪಾತ್ರೆಯಲ್ಲಿ ಅನ್ನ ಬೇಯಿಸಿ ಬಸಿಯುವ ಮನೆಗಳಲ್ಲಿ ಅದು ದಿನವೂ ಇರುತ್ತದೆ. ಕಾರ್ನ್‌ಫ್ಲೋರ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ, ಆದರೆ ಅನ್ನದ ಹಿತವಾದ ವಾಸನೆಯೊಂದಿಗೆ. ಮಾಂಸ ತಿನ್ನುವವರು ಕೋಳಿಯ ಮೂಳೆ ಬೇಯಿಸಿದ ನೀರನ್ನು ಹಾಕಬಹುದು, ಅದು ಬೇಡವೆನ್ನುವ ಕಾರಣವೇನೂ ಇಲ್ಲ. ಹಂದಿಯ ಮೂಳೆಯ ನೀರು ಮಾತ್ರ ಗೆಣಸಿನ ಸಿಹಿಯನ್ನು ಮುಚ್ಚಿಹಾಕುತ್ತದೆ, ಅದನ್ನು ಅದರ ಸ್ವಂತ ಅಡುಗೆಗೇ ಬಿಡುವುದು ಮೇಲು.

ರುಬ್ಬುವ ಮೊದಲು ಎಲ್ಲವನ್ನೂ ಈ ನೀರಿನಲ್ಲಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಬೇಕು. ಸುಟ್ಟ ಕ್ಯಾರೆಟ್ಟಿನ ಹೊರಮೈ ತೊಗಲಿನಷ್ಟು ಬಿರುಸಾಗಿರುತ್ತದೆ, ಅದು ಮತ್ತೆ ನೀರು ಕುಡಿದು ಸಡಿಲವಾಗದಿದ್ದರೆ ಮಿಕ್ಸಿ ಎಷ್ಟು ತಿರುಗಿದರೂ ಚೂರುಗಳು ನಾಲಿಗೆಗೆ ತಾಕುತ್ತವೆ. ಈ ಹಂತದಲ್ಲಿ ಹುಳಿಯನ್ನು ಹತ್ತಿರ ಸೇರಿಸಬಾರದು. ತರಕಾರಿಯ ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಹುಳಿಯಲ್ಲಿ ಕರಗಲು ಒಲ್ಲದು. ಮಿಕ್ಸಿಯ ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಕುದಿಯುವುದನ್ನು ಹಾಗೆಯೇ ಸುರಿದು ಮುಚ್ಚಳ ಬಿಗಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರಿ ಮುಖ ಸುಡುತ್ತದೆ. ಬೆಚ್ಚಗಾಗುವವರೆಗೆ ಆರಿಸಿ, ನಿಧಾನವಾಗಿ ತಿರುಗಿಸಿ, ಕೊನೆಗೆ ಪೂರ್ಣ ವೇಗದಲ್ಲಿ ಎರಡು ನಿಮಿಷ ಬಿಡಬೇಕು. ಗೆಣಸಿನಲ್ಲಿ ನಾರು ಹೆಚ್ಚಿದ್ದರೆ ಕಣ್ಣು ಸಣ್ಣದಾದ ಜರಡಿಯಲ್ಲಿ ಸೋಸಲೇಬೇಕು. ಸೋಸುವುದು ಬೇಸರದ ಕೆಲಸ, ಆದರೆ ಸೂಪಿಗೆ ಕೆನೆಯ ಗುಣ ಬರುವುದು ಅಲ್ಲಿಯೇ. ಸೌಟಿನಿಂದ ಎತ್ತಿ ಬಿಟ್ಟಾಗ ನೀರುದೋಸೆಯ ಹಿಟ್ಟಿಗಿಂತ ಸ್ವಲ್ಪ ಮಂದವಾಗಿ ಬಿದ್ದರೆ ಹದ ಸರಿಯಾಗಿದೆ.

ಮಂದ ಮಾಡಲು ಆಲೂಗಡ್ಡೆ ಹಾಕುವ ಅಭ್ಯಾಸ ಎಲ್ಲೆಡೆ ಇದೆ, ನನಗೆ ಅದು ಹಿಡಿಸುವುದಿಲ್ಲ. ಬೆಂದ ಆಲೂಗಡ್ಡೆಯ ಕೋಶಗಳು ಮಿಕ್ಸಿಯ ಬ್ಲೇಡಿಗೆ ಸಿಕ್ಕಿ ಒಡೆದರೆ ಒಳಗೆ ಉಬ್ಬಿದ್ದ ಪಿಷ್ಟವೆಲ್ಲ ಹೊರಬಂದು ಸೂಪು ಅಂಟಂಟಾಗುತ್ತದೆ, ಚಮಚದಿಂದ ಎಳೆ ಬರುತ್ತದೆ. ಹಾಕಲೇಬೇಕೆಂದರೆ ಬೇರೆಯಾಗಿ ಕೈಯಲ್ಲಿ ಹಿಸುಕಿ, ರುಬ್ಬಿದ ಮೇಲೆ ಕಲಸಬಹುದು.

ಇನ್ನು ಜಿಡ್ಡು. ಅದು ಸ್ವಲ್ಪವಾದರೂ ಬೇಕು. ಕ್ಯಾರೆಟ್, ಕಿತ್ತಳೆ ಬಣ್ಣದ ಗೆಣಸುಗಳಲ್ಲಿರುವ ಬೀಟಾ ಕ್ಯಾರೋಟಿನ್ ಜಿಡ್ಡಿನಲ್ಲಿ ಕರಗುವಂಥದು, ಬೆಂದು ನುಣ್ಣಗಾದ ತರಕಾರಿಯ ಜೊತೆ ಜಿಡ್ಡೂ ಇದ್ದಾಗ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಒಂದು ಚಮಚ ಬೆಣ್ಣೆಯನ್ನು ಮಿಕ್ಸಿಯಲ್ಲಿಯೇ, ಸೂಪು ತಿರುಗುತ್ತಿರುವಾಗ ಹಾಕಿದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಬೆರೆಯುತ್ತದೆ. ಮೇಲೆ ತೇಲಿಸಿದ ಬೆಣ್ಣೆ ಎಣ್ಣೆಯಾಗಿಯೇ ಉಳಿಯುತ್ತದೆ. ಹಾಲನ್ನು ನಾನು ಹಾಕುವುದಿಲ್ಲ, ಕುದಿಯುವ ಸೂಪಿನಲ್ಲಿ ಸ್ವಲ್ಪ ಹುಳಿ ಇದ್ದರೂ ಅದು ಒಡೆಯುತ್ತದೆ. ಗಟ್ಟಿ ಕೆನೆ ಅಷ್ಟು ಬೇಗ ಒಡೆಯುವುದಿಲ್ಲ, ಬೇಕೆನ್ನುವವರಿಗೆ ಅದಿರಲಿ. ತೆಂಗಿನಹಾಲು ಸುವರ್ಣಗೆಡ್ಡೆಗೆ ಒಪ್ಪುತ್ತದೆ, ಒಲೆಯಿಂದ ಇಳಿಸುವ ಮುನ್ನ ಹಾಕಿ ಕುದಿ ಬರುವ ಮೊದಲೇ ಇಳಿಸಬೇಕು. ಮಳೆಗಾಲದಲ್ಲಿ ಕಾಫಿ ತೋಟಗಳ ನಡುವೆ ಬೆಣ್ಣೆಹಣ್ಣು ಉದುರಿ ಕೊಳೆಯುವಷ್ಟು ಸಿಗುತ್ತದೆ. ಅದರ ಎರಡು ಚಮಚ ತಿರುಳನ್ನು, ಸೂಪು ಬಡಿಸುವ ಬಿಸಿಗೆ ಇಳಿದ ಮೇಲೆ, ಬಟ್ಟಲಿನಲ್ಲಿಯೇ ಕದಡಿ ನೋಡಿ. ಒಲೆಯ ಮೇಲೆ ಕದಡಿದರೆ ಕಹಿಯಾಗುತ್ತದೆ, ಅದು ಬಿಸಿ ತಾಳದ ಹಣ್ಣು.

ಇಷ್ಟಾದರೂ ಸೂಪು ಪೂರ್ಣವಾಗಿರುವುದಿಲ್ಲ. ಸುಟ್ಟ ಗೆಣಸು, ಸುಟ್ಟ ಕ್ಯಾರೆಟ್, ಸುಟ್ಟ ಈರುಳ್ಳಿ ಎಲ್ಲವೂ ಸಿಹಿಯ ಕಡೆಗೇ ವಾಲಿರುತ್ತವೆ. ನಾಲ್ಕನೆಯ ಚಮಚಕ್ಕೆ ನಾಲಿಗೆ ದಣಿಯುತ್ತದೆ. ಬೇರೆ ಊರುಗಳಲ್ಲಿ ನಿಂಬೆ ಹಿಂಡುತ್ತಾರೆ. ನಮ್ಮಲ್ಲಿ ಕಾಚಂಪುಳಿ ಇದೆ. ಪನಂಪುಳಿಯ ಮಾಗಿದ ಹಣ್ಣುಗಳನ್ನು ಬುಟ್ಟಿಯಲ್ಲಿ ಒಟ್ಟಿ, ತೊಟ್ಟಿಕ್ಕುವ ರಸವನ್ನು ಕೆಳಗೆ ಹಿಡಿದು, ಅದು ಕಪ್ಪಾಗಿ ಮಂದವಾಗುವ ತನಕ ಕುದಿಸಿ ಇಳಿಸಿದ ಈ ಹುಳಿಯನ್ನು ಪಂದಿ ಕರಿಗೆ ಮಾತ್ರ ಮೀಸಲೆಂದು ಹೊರಗಿನವರು ತಿಳಿದಿದ್ದಾರೆ. ನಾಲ್ಕು ಬಟ್ಟಲು ಸೂಪಿಗೆ ಅದರ ಅರ್ಧ ಟೀ ಚಮಚ ಸಾಕು. ನಿಂಬೆಯ ಹುಳಿ ಮೇಲೆಯೇ ಮಿಂಚಿ ಹೋಗುತ್ತದೆ. ಕಾಚಂಪುಳಿಯ ಹುಳಿಗೆ ಸುಟ್ಟ, ಹೊಗೆಯಾಡಿದ ಒಂದು ಆಳವಿದೆ, ಅದು ಕೆಂಡದ ರುಚಿಯ ಜೊತೆ ಸೇರಿಕೊಂಡು ಎಲ್ಲಿ ಯಾವುದು ಎಂದು ತಿಳಿಯದ ಹಾಗಾಗುತ್ತದೆ. ಸೂಪಿನ ಬಣ್ಣ ಒಂದು ಪಾಲು ಕಂದುತ್ತದೆ, ಅದಕ್ಕೆ ಚಿಂತಿಸಬೇಕಾಗಿಲ್ಲ. ಮೆಣಸಿನ ಪುಡಿಯನ್ನು ಡಬ್ಬಿಯಿಂದ ತೆಗೆಯದೆ, ನಮ್ಮದೇ ತೋಟದ ಬಳ್ಳಿಯ ಕಾಳನ್ನು ಬಡಿಸುವ ಹೊತ್ತಿಗೆ ಕುಟ್ಟಿ ಉದುರಿಸಬೇಕು. ಖಾರ ಕುದಿದರೂ ಉಳಿಯುತ್ತದೆ, ಪರಿಮಳ ಉಳಿಯುವುದಿಲ್ಲ.

“ಎಂತದಿದು, ಮಕ್ಕಳ ಸರಿಯಾ?” ಎಂದು ನಮ್ಮ ಅತ್ತೆ ಮೊದಲು ಬಟ್ಟಲನ್ನು ನೋಡಿ ಕೇಳಿದ್ದರು. “ಸುಟ್ಟ ಗೆಣಸೇ ಅತ್ತೆ, ಕುಡಿದು ನೋಡಿ” ಎಂದೆ. ಕುಡಿದರು. ಮಾತಾಡದೆ ಎದ್ದುಹೋಗಿ ಒಲೆಯ ಬಳಿಯಿಂದ ಬಿಸಿ ಅಕ್ಕಿ ಒಟ್ಟಿ, ಎಂದರೆ ಅಕ್ಕಿ ರೊಟ್ಟಿ, ತಂದು, ಮುರಿದು ಅದ್ದಿಕೊಂಡರು. ಬ್ರೆಡ್ಡಿನ ಚೂರುಗಳನ್ನು ಕರಿದು ತೇಲಿಸುವ ಪದ್ಧತಿಗಿಂತ ಅದು ಎಷ್ಟೋ ಲೇಸೆಂದು ನನಗೂ ಅಂದೇ ತಿಳಿಯಿತು. ಒಟ್ಟಿಯ ಸಪ್ಪೆ, ಅದರ ಮೇಲಿನ ಕೆಂಡದ ಕಲೆಗಳು, ಸೂಪಿನ ಸಿಹಿಹುಳಿ ಮೂರೂ ಒಂದಕ್ಕೊಂದು ಹೊಂದುತ್ತವೆ. ಜೊತೆಗೆ ಕಚ್ಚಿಕೊಳ್ಳಲು ಉಪ್ಪಿನಲ್ಲಿಟ್ಟ ಗಾಂಧಾರಿ ಮೆಣಸಿದ್ದರೆ ಬೇರೇನೂ ಬೇಡ.

ಮಿಕ್ಕ ಸೂಪು ರಾತ್ರಿ ಕಳೆಯುವುದರೊಳಗೆ ಇನ್ನೂ ಗಟ್ಟಿಯಾಗುತ್ತದೆ, ಪಿಷ್ಟ ತಣ್ಣಗಾದಾಗ ಹಾಗಾಗುವುದು ಸಹಜ. ಬೆಳಿಗ್ಗೆ ಅದಕ್ಕೆ ಬಿಸಿನೀರು ಬೆರೆಸಿ ಮತ್ತೆ ಕುದಿಸಬಹುದು, ಆದರೆ ಅದರ ಉತ್ತಮ ಉಪಯೋಗ ಬೇರೆ ಇದೆ. ಒಟ್ಟಿಯ ಹಿಟ್ಟು ಕಲಸುವಾಗ ನಿನ್ನೆಯ ಅನ್ನವನ್ನು ಅಕ್ಕಿಹಿಟ್ಟಿನೊಂದಿಗೆ ನಾದುತ್ತೇವಲ್ಲ, ಆಗ ನೀರಿನ ಬದಲು ಈ ಗಟ್ಟಿ ಸೂಪನ್ನು ಸೇರಿಸಿ ನಾದಬೇಕು. ಹಿಟ್ಟು ಸ್ವಲ್ಪ ಅಂಟುತ್ತದೆ, ತಟ್ಟುವಾಗ ಬಾಳೆಲೆಗೆ ಎಣ್ಣೆ ಹೆಚ್ಚು ಸವರಿಕೊಳ್ಳಬೇಕು, ಕಾವಲಿಯ ಮೇಲೆ ಸಕ್ಕರೆಯ ಅಂಶದಿಂದ ಬೇಗ ಕಲೆಯೇಳುವುದರಿಂದ ಉರಿಯನ್ನು ತಗ್ಗಿಸಬೇಕು. ಈ ಹೊಂಬಣ್ಣದ ಒಟ್ಟಿಗೆ ಎಳ್ಳಿನ ಪಜ್ಜಿ, ಎಂದರೆ ಚಟ್ನಿ, ಚೆನ್ನಾಗಿ ಒಪ್ಪುತ್ತದೆ. ಹಿಂದಿನ ರಾತ್ರಿ ಸೂಪು ಬೇಡವೆಂದು ಮುಖ ತಿರುಗಿಸಿದ್ದ ಮಕ್ಕಳು, ಅದೇ ಸೂಪೆಂದು ಹೇಳದಿದ್ದರೆ, ಎರಡೆರಡು ತಿಂದು ಶಾಲೆಗೆ ಹೋಗುತ್ತಾರೆ.